ಉಡುಪು ನುಡಿಯುವ ಇತಿಹಾಸ

ಶಿಲೆಯ ಮೇಲೆ ಕಂಡರಿಸಿದ ಶಾಸನ ಶತಮಾನಗಳ ಕಾಲ ನಿಲ್ಲುತ್ತದೆ. ಮಣ್ಣಿನ ಮಡಕೆ ಒಡೆದರೂ ಅದರ ಚೂರುಗಳು ನೆಲದೊಳಗೆ ಉಳಿಯುತ್ತವೆ. ಆದರೆ ಬಟ್ಟೆಯ ಆಯುಷ್ಯ ಬಲು ಕಡಿಮೆ. ತೇವ ಅದನ್ನು ಕೊಳೆಯಿಸುತ್ತದೆ; ಹುಳುಗಳು ತಿನ್ನುತ್ತವೆ; ಬಿಸಿಲು ಬಣ್ಣವನ್ನು ಕೆಡಿಸುತ್ತದೆ. ಇವೆಲ್ಲಕ್ಕಿಂತ ಮಿಗಿಲಾಗಿ ಮನುಷ್ಯನೇ ಅದನ್ನು ಬಳಸಿ ಮುಗಿಸುತ್ತಾನೆ. ದಿನವೂ ಉಟ್ಟ ಬಟ್ಟೆ ಹರಿದಾಗ ಕೌದಿಯಾಗುತ್ತದೆ, ಒರೆಸುವ ಅರಿವೆಯಾಗುತ್ತದೆ, ಕೊನೆಗೆ ಇಲ್ಲವಾಗುತ್ತದೆ.

ಆದುದರಿಂದ ಪ್ರಾಚೀನರ ಉಡುಗೆತೊಡುಗೆಗಳನ್ನು ಅರಿಯಲು ವಿದ್ವಾಂಸರು ಬಹುಮಟ್ಟಿಗೆ ಶಿಲ್ಪ, ಚಿತ್ರ ಹಾಗೂ ಬರಹಗಳನ್ನು ಆಶ್ರಯಿಸುತ್ತಾರೆ. ಆದರೆ ಕಲಾವಿದನು ಉಡುಪನ್ನು ಇದ್ದುದು ಇದ್ದಂತೆಯೇ ತೋರಿಸುವನೆಂದು ನಂಬುವಂತಿಲ್ಲ. ಪ್ರಾಚೀನ ಈಜಿಪ್ಟಿನ ಚಿತ್ರಗಳಲ್ಲಿ ಸ್ತ್ರೀಯರು ಮೈಗೆ ಅಂಟಿದಂತಹ ಬಿಗಿಯಾದ ಉಡುಪನ್ನು ಧರಿಸಿರುತ್ತಾರೆ. ಅಷ್ಟು ಬಿಗಿಯಾದ ಉಡುಪಿನಲ್ಲಿ ಕೂರುವುದೂ ನಡೆಯುವುದೂ ಕಷ್ಟ. ಅಲ್ಲಿನ ಗೋರಿಗಳಲ್ಲಿ ದೊರೆತ ನಿಜವಾದ ಅಂಗಿಗಳಾದರೋ ಸಡಿಲವಾಗಿವೆ. ಚಿತ್ರ ಹೇಳದ ಸತ್ಯವನ್ನು ಬಟ್ಟೆ ಹೇಳಬಲ್ಲದು. ಆ ಮಾತನ್ನು ಆಲಿಸುವ ತಾಳ್ಮೆ ಬೇಕು, ಅಷ್ಟೆ.

ಇದಕ್ಕೆ ಉತ್ತಮ ನಿದರ್ಶನ 'ತರ್ಖಾನ್ ಅಂಗಿ'. ತರ್ಖಾನ್ ಎಂಬುದು ಈಜಿಪ್ಟಿನ ಕೈರೋ ನಗರದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿರುವ ಪ್ರಾಚೀನ ರುದ್ರಭೂಮಿ. ಪ್ರಸಿದ್ಧ ಬ್ರಿಟಿಷ್ ಪುರಾತತ್ತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಅವರು 1913ರಲ್ಲಿ ಅಲ್ಲಿ ಉತ್ಖನನ ನಡೆಸಿದಾಗ, ಕಳ್ಳರು ಹಿಂದೆಯೇ ಸೂರೆಮಾಡಿದ್ದ ಗೋರಿಯೊಂದರಲ್ಲಿ ಕೊಳೆಯಾದ ಬಟ್ಟೆಗಳ ರಾಶಿ ಸಿಕ್ಕಿತು. ಒಡವೆಗಳನ್ನು ಅರಸಿ ಬಂದವರಿಗೆ ಬೇಡವಾಗಿದ್ದ ವಸ್ತು ಅದು. ಪೆಟ್ರಿ ಅದನ್ನು ಬಿಸುಡಲಿಲ್ಲ. ಗಂಟು ಲಂಡನ್ ಸೇರಿತು. ಆದರೆ ಅದರೊಳಗೆ ಏನಿದೆಯೆಂದು ತಿಳಿಯದೆಯೇ 64 ವರ್ಷಗಳು ಉರುಳಿದವು.

1977ರಲ್ಲಿ ಆ ಗಂಟನ್ನು ಶುದ್ಧಗೊಳಿಸಲು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ಸಂರಕ್ಷಕರಿಗೆ ಒಪ್ಪಿಸಲಾಯಿತು. ಅವರು ಮಡಿಕೆಗಳನ್ನು ಬಿಡಿಸುತ್ತ ಹೋದಾಗ ಅಗಸೆ ನಾರಿನಿಂದ ನೇಯ್ದ ಒಂದು ಅಂಗಿ ಹೊರಬಂದಿತು. ಅದಕ್ಕೆ ಕೋನಾಕಾರದ ಕೊರಳು; ತೋಳುಗಳಿಗೂ ಎದೆಯ ಭಾಗಕ್ಕೂ ಸಣ್ಣ ಸಣ್ಣ ನಿರಿಗೆಗಳು; ನೇಯ್ಗೆಯಲ್ಲಿಯೇ ಮೂಡಿದ ತೆಳು ಬೂದುಬಣ್ಣದ ಪಟ್ಟೆಗಳು.

ಅಂಗಿಯ ಅಂದಕ್ಕಿಂತಲೂ ವಿದ್ವಾಂಸರ ಗಮನವನ್ನು ಸೆಳೆದುದು ಅದರ ಸುಕ್ಕುಗಳು. ಮೊಣಕೈಗಳ ಬಳಿಯಲ್ಲಿಯೂ ಕಂಕುಳಲ್ಲಿಯೂ ಬಟ್ಟೆ ಮುದುಡಿತ್ತು. ಕೈಯನ್ನು ಮಡಿಸುತ್ತ, ಚಾಚುತ್ತ ಕೆಲಸ ಮಾಡಿದವರ ಅಂಗಿಯಲ್ಲಿ ಮಾತ್ರ ಅಂತಹ ಸುಕ್ಕುಗಳು ಮೂಡುತ್ತವೆ. ಅಂಗಿ ಒಳಹೊರಗಾಗಿತ್ತು, ತೊಟ್ಟವರು ಅದನ್ನು ತಲೆಯ ಮೇಲಿಂದ ಎಳೆದು ತೆಗೆದಿದ್ದರೆಂಬುದಕ್ಕೆ ಇದು ಸೂಚನೆ. ಶವದೊಡನೆ ಇಡಲೆಂದೇ ಹೊಲಿದ ಅಂಗಿ ಇದಾಗಿರಲಿಲ್ಲ. ಜೀವಂತ ವ್ಯಕ್ತಿಯೊಬ್ಬರು ತೊಟ್ಟು ಕಳಚಿದ ಅಂಗಿಯಾಗಿತ್ತು. ಯಾರಾದರೂ ಆತುರಪಟ್ಟು ಅದನ್ನು ಒಗೆದು, ಇಸ್ತ್ರಿ ಮಾಡಿ ಅಂದಗೊಳಿಸಿದ್ದರೆ ಈ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತಿತ್ತು.

ಅಂಗಿಯ ಕಾಲವನ್ನು ನಿರ್ಧರಿಸುವುದು ಸುಲಭವಾಗಿರಲಿಲ್ಲ. ಸೂರೆಯಾದ ಗೋರಿಯಲ್ಲಿ ದೊರೆತ ವಸ್ತುವು ಆ ಗೋರಿಯ ಕಾಲದ್ದೇ ಎಂದು ಖಚಿತವಾಗಿ ಹೇಳುವಂತಿಲ್ಲ. 2015ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಕೇವಲ 2.24 ಮಿಲಿಗ್ರಾಂ ತೂಕದ ನೂಲನ್ನು ತೆಗೆದು ಪರೀಕ್ಷಿಸಿದರು. ಸಸ್ಯವು ಸತ್ತ ಕ್ಷಣದಿಂದ ಅದರಲ್ಲಿನ ವಿಕಿರಣಶೀಲ ಇಂಗಾಲವು ಗೊತ್ತಾದ ಗತಿಯಲ್ಲಿ ಕಡಿಮೆಯಾಗುತ್ತ ಹೋಗುತ್ತದೆ. ಉಳಿದ ಇಂಗಾಲವನ್ನು ಅಳೆದಾಗ, ಆ ಅಗಸೆ ಕ್ರಿ.ಪೂ. 3482 ಮತ್ತು 3102ರ ನಡುವೆ ಬೆಳೆದಿರಬೇಕೆಂದು ಶೇಕಡಾ 95ರಷ್ಟು ಖಚಿತತೆಯಿಂದ ತಿಳಿದುಬಂದಿತು. ಇದುವರೆಗೆ ದೊರೆತಿರುವ ನೇಯ್ದ ಉಡುಪುಗಳಲ್ಲಿ ಇದೇ ಅತ್ಯಂತ ಪ್ರಾಚೀನವೆಂದು ಪರಿಗಣಿಸಲಾಗಿದೆ.

ಇಂತಹ ಉಡುಪನ್ನು ಜನರ ಮುಂದಿಡುವುದೂ ಒಂದು ವಿದ್ಯೆ. ಅದನ್ನು ಸುಮ್ಮನೆ ಹರವಿದರೆ ಚಿಂದಿಯಂತೆ ಕಾಣುತ್ತದೆ. ಆಸರೆಯಿಲ್ಲದೆ ತೂಗುಹಾಕಿದರೆ ತನ್ನ ಭಾರಕ್ಕೇ ಹರಿದುಹೋಗುತ್ತದೆ. ಆದ್ದರಿಂದ ತರ್ಖಾನ್ ಅಂಗಿಯನ್ನು ತೆಳ್ಳನೆಯ ಪಾರದರ್ಶಕ ರೇಷ್ಮೆಗೆ ಹೊಲಿದು, ತೊಟ್ಟಾಗ ಕಾಣುವ ರೂಪದಲ್ಲಿ ನಿಲ್ಲಿಸಲಾಗಿದೆ. ಅದನ್ನು ಲಂಡನ್ನಿನ ಪೆಟ್ರಿ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಬೆಳಕಿನಿಂದ ಬಟ್ಟೆಗೆ ಆಗುವ ಹಾನಿಯನ್ನು ಸರಿಪಡಿಸಲಾಗದು. ತರಗತಿಯಲ್ಲಿ ಓದಲು ಸುಮಾರು 300 ಲಕ್ಸ್ ಬೆಳಕು ಬೇಕು. ಹಳೆಯ ಬಟ್ಟೆಗಳನ್ನಿಡುವ ಕೊಠಡಿಯಲ್ಲಿ ಅದು ಸಾಮಾನ್ಯವಾಗಿ 50 ಲಕ್ಸ್ ಮೀರದಂತೆ ನೋಡಿಕೊಳ್ಳುತ್ತಾರೆ. ಆ ಮಬ್ಬು ಬೆಳಕಿಗೆ ಬೇಸರಪಡುವ ಸಂದರ್ಶಕನು, ಮುಂದಿನ ಪೀಳಿಗೆಯವರ ಪಾಲನ್ನು ತಾನೇ ಕಬಳಿಸಬಾರದೆಂಬುದನ್ನು ನೆನೆಯಬೇಕು. ಅಂತೆಯೇ ಮೂಲ ಉಡುಪನ್ನು ಯಾರಿಗೂ ತೊಡಿಸಿ ನೋಡುವಂತಿಲ್ಲ. ಮುಟ್ಟಿ ನೋಡಬಯಸುವವರಿಗಾಗಿ ವಸ್ತುಸಂಗ್ರಹಾಲಯಗಳು ಪ್ರತಿಕೃತಿಗಳನ್ನು ಸಿದ್ಧಪಡಿಸುತ್ತವೆ.

ವಿವರಣೆಯನ್ನು ಬರೆಯುವವರ ಹೊಣೆ ಇನ್ನೂ ದೊಡ್ಡದು. ಕಂಡುದು ಯಾವುದು, ಅದರಿಂದ ಊಹಿಸಿದುದು ಯಾವುದು, ತಿಳಿಯದೆ ಉಳಿದುದು ಯಾವುದು ಎಂಬ ಭೇದವನ್ನು ಅವರು ಮರೆಯಬಾರದು. ತರ್ಖಾನ್ ಅಂಗಿಯಲ್ಲಿ ಸುಕ್ಕುಗಳು ಕಂಡ ಸಂಗತಿ. ಅದರ ಅಳತೆಯಿಂದ, ತೊಟ್ಟವರು ಎಳೆವಯಸ್ಸಿನ ತೆಳ್ಳನೆಯ ವ್ಯಕ್ತಿಯಾಗಿರಬೇಕೆಂಬುದು ಊಹೆ. ಅಂಗಿಯ ಕೆಳಅಂಚು ನಷ್ಟವಾಗಿರುವುದರಿಂದ, ಅದು ಮೊಣಕಾಲಿನವರೆಗಿತ್ತೋ ಪಾದದವರೆಗಿತ್ತೋ ಎಂಬುದು ತಿಳಿಯದ ವಿಷಯ. ಅಲ್ಲಿ ಒಬ್ಬ ರಾಜಕುಮಾರಿಯ ಕಥೆಯನ್ನು ಹೆಣೆದರೆ ಜನರು ಮೆಚ್ಚಿಕೊಂಡಾರು. ಆದರೆ ನಿಜವಾಗಿ ಬದುಕಿದ್ದ ವ್ಯಕ್ತಿಯೊಬ್ಬರು ಆ ಕಥೆಯ ಹಿಂದೆ ಮರೆಯಾಗಿಬಿಡುತ್ತಾರೆ.

ಅಂಗಿ ತೊಟ್ಟವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ನೂಲು ತೆಗೆದವರ, ನೇಯ್ದವರ, ನಿರಿಗೆ ಹಿಡಿದವರ ಹೆಸರೂ ಇಲ್ಲ. ಐದು ಸಾವಿರ ವರ್ಷಗಳ ಅನಂತರ ಅವರ ಪರವಾಗಿ ಸಾಕ್ಷಿ ನುಡಿಯಲು ಉಳಿದಿರುವುದು ಒಂದು ಹಳೆಯ ಬಟ್ಟೆ ಮಾತ್ರ. ಮನೆಯ ಪೆಟ್ಟಿಗೆಯ ತಳದಲ್ಲಿರುವ ಅಜ್ಜಿಯ ಮಾಸಿದ ಸೀರೆಯನ್ನು ಅರಿವೆಯೆಂದು ಹರಿಯುವ ಮುನ್ನ, ಅದರ ಅಂಚನ್ನೂ ತೇಪೆಯನ್ನೂ ಒಮ್ಮೆ ಕಣ್ಣಿಟ್ಟು ನೋಡುವುದು ಒಳ್ಳೆಯದು.