ಎಣ್ಣೆ–ಸೀಗೆಕಾಯಿ ಸಂಬಂಧ

ಅತ್ತೆ–ಸೊಸೆ, ದಾಯಾದಿಗಳು, ಒಂದೇ ಪಕ್ಷದ ಇಬ್ಬರು ಮುಖಂಡರು – ಯಾರ ನಡುವೆ ಹೊಂದಾಣಿಕೆ ಇಲ್ಲವೋ ಅವರದು ‘ಎಣ್ಣೆ–ಸೀಗೆಕಾಯಿ ಸಂಬಂಧ’ ಎನ್ನುವುದು ಕನ್ನಡದ ರೂಢಿ. ರಸಾಯನಶಾಸ್ತ್ರದ ಕಣ್ಣಿನಿಂದ ನೋಡಿದರೆ ಇದು ಸೀಗೆಕಾಯಿಗೆ ಆದ ಅನ್ಯಾಯ. ಹಬ್ಬದ ದಿನ ನೆತ್ತಿಗೆ ಒತ್ತಿಕೊಂಡ ಎಣ್ಣೆಗೆ ನಿಜವಾಗಿ ಆಗಿಬರದಿರುವುದು ನೀರು. ಹಂಡೆಗಟ್ಟಲೆ ಬಿಸಿನೀರು ಹುಯ್ದರೂ ಎಣ್ಣೆ ಕೂದಲನ್ನು ಬಿಡದು. ಸೀಗೆಪುಡಿ ನಡುವೆ ಬಂದ ಮೇಲಷ್ಟೇ ಎರಡೂ ರಾಜಿಯಾಗಿ ಒಟ್ಟಿಗೆ ಬಚ್ಚಲ ದಾರಿ ಹಿಡಿಯುತ್ತವೆ.

ಸೀಗೆ ಮತ್ತು ಅಂಟುವಾಳದ ಕಾಯಿಗಳಲ್ಲಿರುವ ಸ್ಯಾಪೊನಿನ್ ಎಂಬ ವಸ್ತುವಿನ ಅಣುವಿಗೆ ಎರಡು ಸ್ವಭಾವ. ಒಂದು ಭಾಗ ನೀರಿಗೆ ಒಲಿಯುತ್ತದೆ, ಇನ್ನೊಂದು ಎಣ್ಣೆಗೆ. ಎಣ್ಣೆಯ ಸಣ್ಣ ಹನಿಯ ಸುತ್ತ ಇಂಥ ಅಣುಗಳು ಎಣ್ಣೆಗೊಲಿಯುವ ತುದಿಯನ್ನು ಒಳಕ್ಕೆ, ನೀರಿಗೊಲಿಯುವ ತುದಿಯನ್ನು ಹೊರಕ್ಕೆ ಮಾಡಿ ನಿಂತುಬಿಟ್ಟರೆ ಒಂದು ಹನಿ ಇನ್ನೊಂದನ್ನು ಕೂಡಿಕೊಳ್ಳಲಾರದು. ಹೀಗೆ ನಡುವೆ ನಿಲ್ಲುವ ಮಧ್ಯಸ್ಥ ವಸ್ತುವಿಗೆ ಎಮಲ್ಸಿಫೈಯರ್ ಎಂದು ಹೆಸರು. ಮುಖಕ್ಕೆ ಹಚ್ಚುವ ಕ್ರೀಮು, ಗಜಕರ್ಣಕ್ಕೆ ಹಚ್ಚುವ ಮುಲಾಮು – ಎಣ್ಣೆ ನೀರು ಎರಡೂ ಕೂಡಿರುವ ಯಾವುದೇ ಕ್ರೀಮು ಒಡೆಯದೆ ನಿಲ್ಲುವುದು ಈ ಮಧ್ಯಸ್ಥನ ಬಲದಿಂದ.

ಇದಕ್ಕೆ ಕಾರ್ಖಾನೆಯೇ ಬೇಕೆಂದಿಲ್ಲ. ಹಿರಿಯೂರಿನ ಕಡೆ, ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರದ ನಾಲೆಗಳ ಆಸರೆಯಲ್ಲಿ ತೆಂಗಿನ ತೋಟಗಳಿವೆ. ಎಲೆಅಡಿಕೆಯ ಚೀಲದಲ್ಲಿ ಸುಣ್ಣದ ಡಬ್ಬಿ ಇದ್ದೇ ಇರುತ್ತದೆ. ಕೈ ಸುಟ್ಟುಕೊಂಡವರಿಗೆ ಕೊಬ್ಬರಿ ಎಣ್ಣೆಯನ್ನೂ ಸುಣ್ಣದ ತಿಳಿನೀರನ್ನೂ ಬೆರಸಿ, ಬೆಣ್ಣೆಯಂತಾಗುವವರೆಗೆ ಕಡೆದು ಸವರುವುದು ಕರ್ನಾಟಕದ ಹಲವು ಕಡೆ ಹಿರಿಯರಿಗೆ ಗೊತ್ತಿದ್ದ ಮದ್ದು. ದೂರದ ಸ್ಕಾಟ್ಲೆಂಡಿನ ಕ್ಯಾರನ್ ಕಬ್ಬಿಣದ ಕಾರ್ಖಾನೆಯಲ್ಲಿಯೂ ಮೈ ಸುಟ್ಟುಕೊಂಡ ಕಾರ್ಮಿಕರಿಗೆ ಅಗಸೆ ಎಣ್ಣೆ ಮತ್ತು ಸುಣ್ಣದ ನೀರನ್ನು ಸಮಸಮ ಕಲಸಿ ಹಚ್ಚುತ್ತಿದ್ದರು. ಅದಕ್ಕೆ ‘ಕ್ಯಾರನ್ ಎಣ್ಣೆ’ ಎಂದೇ ಹೆಸರು ಬಿತ್ತು. ವೈದ್ಯರು ಇಂದು ಇದನ್ನು ಒಪ್ಪುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡಬೇಕು. ಎಣ್ಣೆ, ಸುಣ್ಣ, ಟೂತ್‌ಪೇಸ್ಟು ಯಾವುದೂ ಕೂಡದು.

ಮದ್ದು ಹಳತಾದರೂ ಅದರೊಳಗಿನ ರಸಾಯನ ಹಳತಾಗಿಲ್ಲ. ಎಣ್ಣೆಯಲ್ಲಿ ಬಿಡಿಯಾಗಿರುವ ಅಲ್ಪಸ್ವಲ್ಪ ಕೊಬ್ಬಿನ ಆಮ್ಲ ಸುಣ್ಣದ ಕ್ಯಾಲ್ಸಿಯಂ ಜೊತೆ ಸೇರಿ ಒಂದು ಬಗೆಯ ಸೋಪು ಹುಟ್ಟುತ್ತದೆ. ಮಧ್ಯಸ್ಥನನ್ನು ಹೊರಗಿನಿಂದ ತರಬೇಕಿಲ್ಲ, ಕಲಸುವಾಗಲೇ ಅದು ತಯಾರು. ಗಾಣದ ಎಣ್ಣೆಯಲ್ಲಿ ಇದು ಸಲೀಸು. ಶುದ್ಧೀಕರಿಸಿದ ರಿಫೈನ್ಡ್ ಎಣ್ಣೆಯಲ್ಲಿ ಆ ಆಮ್ಲವನ್ನು ತೆಗೆದಿರುವುದರಿಂದ ಎಷ್ಟು ಕಡೆದರೂ ನೀರು ಬೇಗ ಬೇರೆಯಾಗುತ್ತದೆ.

ಇದೇ ಕ್ಯಾಲ್ಸಿಯಂ ಸೋಪು ಬಯಲುಸೀಮೆಯವರಿಗೆ ಇನ್ನೊಂದು ವೇಷದಲ್ಲಿ ಪರಿಚಿತ. ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ನೊರೆಯಾಗದೆ, ಬಕೆಟ್ಟಿನ ಅಂಚಿಗೆ ಬಿಳಿಯ ಜಿಡ್ಡು ಕಟ್ಟುತ್ತದಲ್ಲ, ಅದೂ ಇದೇ. ಸಾಮಾನ್ಯ ಸೋಪು ನೀರಿನ ಕಡೆಯ ಮನುಷ್ಯ; ಕ್ಯಾಲ್ಸಿಯಂ ಸೇರಿದೊಡನೆ ಅದು ಎಣ್ಣೆಯ ಪಕ್ಷಕ್ಕೆ ಹಾರುತ್ತದೆ. ಸೀಗೆ, ಅಂಟುವಾಳಗಳು ಗಡಸು ನೀರಿಗೂ ಅಷ್ಟಾಗಿ ಜಗ್ಗುವುದಿಲ್ಲ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಂಡರೆ ಮುಂದಿನ ಮಾತು ಸುಲಭ.

ಮಧ್ಯಸ್ಥ ಯಾರ ಪಕ್ಷ ಎಂಬುದರ ಮೇಲೆ ಕ್ರೀಮಿನ ಜಾತಿ ನಿಂತಿದೆ. ಹಾಲಿನ ಕೆನೆಯಲ್ಲಿ ನೀರಿನ ನಡುವೆ ಕೊಬ್ಬಿನ ಹನಿಗಳು ತೇಲುತ್ತಿರುತ್ತವೆ. ಕಡೆಗೋಲು ಆಡಿ ಬೆಣ್ಣೆ ಬಂದಾಗ ಇದು ತಿರುವುಮುರುವಾಗಿ, ಕೊಬ್ಬಿನ ನಡುವೆ ನೀರಿನ ಹನಿಗಳು ಸೆರೆಯಾಗಿರುತ್ತವೆ. ಔಷಧದ ಅಂಗಡಿಯ ಟ್ಯೂಬುಗಳಲ್ಲಿಯೂ ಈ ಎರಡು ಬಗೆಗಳಿವೆ. ಕೈಗೆ ಹಚ್ಚಿದೊಡನೆ ಇಂಗಿ, ನೀರಿನಲ್ಲಿ ಸುಲಭವಾಗಿ ತೊಳೆದುಹೋಗುವುದು ಮೊದಲ ಬಗೆ. ಜಿಡ್ಡಾಗಿ ನಿಂತು ಒಡೆದ ಹಿಮ್ಮಡಿಯನ್ನು ಒಣಗದಂತೆ ಕಾಯುವುದು ಎರಡನೆಯ ಬಗೆ. ಎಮಲ್ಸಿಫೈಯರ್ ಯಾವುದರಲ್ಲಿ ಹೆಚ್ಚು ಕರಗುತ್ತದೆಯೋ ಅದು ಹೊರಗೆ ನಿಲ್ಲುತ್ತದೆ, ಇನ್ನೊಂದು ಹನಿಯಾಗಿ ಒಳಗೆ ಸೇರುತ್ತದೆ – ಇದು ಈ ವಿದ್ಯೆಯ ಮೂಲಸೂತ್ರ.

ಸೂತ್ರ ತಿಳಿಯುವ ಮೊದಲೂ ಕ್ರೀಮು ಇತ್ತು. ಎರಡನೆಯ ಶತಮಾನದ ವೈದ್ಯ ಗ್ಯಾಲೆನ್ ಜೇನುಮೇಣ, ಆಲಿವ್ ಎಣ್ಣೆ, ನೀರು ಸೇರಿಸಿ ಮಾಡಿದ್ದು ಬಲು ಸಡಿಲ ಮಿಶ್ರಣ. ಚರ್ಮದ ಮೇಲೆ ಅದು ಒಡೆದು ನೀರು ಆವಿಯಾಗುವಾಗ ತಂಪೆನಿಸುತ್ತದೆ; ‘ಕೋಲ್ಡ್ ಕ್ರೀಮ್’ ಎಂಬ ಹೆಸರು ಬಂದದ್ದು ಹಾಗೆ. ಅದೇ ಮೇಣಕ್ಕೆ ಬಿಳಿಗಾರ ಸೇರಿಸಿದರೆ ಮೇಣದ ಆಮ್ಲ ಸೋಪಾಗಿ ಮಿಶ್ರಣ ಗಟ್ಟಿಯಾಗುತ್ತದೆ ಎಂಬುದನ್ನು ಕಂಡುಕೊಂಡದ್ದು ಹತ್ತೊಂಬತ್ತನೆಯ ಶತಮಾನ. 1919ರಲ್ಲಿ ಮುಂಬಯಿಯ ಇ. ಎಸ್. ಪಾಟನ್‌ವಾಲಾ ‘ಅಫ್ಘನ್ ಸ್ನೋ’ ತಂದರು. ‘ಸ್ನೋ–ಪೌಡರ್’ ಎಂಬ ಜೋಡಿಪದ ಕನ್ನಡದ ಹಳ್ಳಿಗಳಿಗೂ ಬಂತು. ಸ್ನೋ ಎಂಬ ಈ ಬಗೆಯ ಕ್ರೀಮಿನಲ್ಲಿ ಮುಖ್ಯವಾಗಿರುವುದು ಸ್ಟಿಯರಿಕ್ ಆಮ್ಲ. ಅದರಲ್ಲಿ ಒಂದಿಷ್ಟನ್ನು ಕ್ಷಾರ ಸೇರಿಸಿ ಸೋಪು ಮಾಡಿದರೆ ಉಳಿದದ್ದನ್ನು ಆ ಸೋಪೇ ನೀರಿನಲ್ಲಿ ಹಿಡಿದು ನಿಲ್ಲಿಸುತ್ತದೆ.

ಸೋಪಿನ ದೌರ್ಬಲ್ಯ ಗಡಸು ನೀರಿನಲ್ಲಿ ಕಂಡದ್ದೇ. ಕ್ಯಾಲ್ಸಿಯಂ ಬಂದರೂ, ಹುಳಿ ಬಿದ್ದರೂ ಅದು ಕೈಕೊಡುತ್ತದೆ. ಔಷಧಗಳಲ್ಲಿ ಹಲವು ಆಮ್ಲಗಳು, ಹಲವು ಲವಣಗಳು. ಆದ್ದರಿಂದ ಸೀಗೆಯ ಹಾಗೆ ಯಾರಿಗೂ ಜಗ್ಗದ, ವಿದ್ಯುದಂಶವಿಲ್ಲದ ಮಧ್ಯಸ್ಥರು ಬೇಕಾದರು. ಹಿರಿಯೂರಿನಂಥ ಒಣಭೂಮಿಯ ರೈತರು ಹೊಲದ ಅಕ್ಕಡಿ ಸಾಲಿನಲ್ಲಿ ಹಾಕುವ ಔಡಲ ಇಲ್ಲಿ ದೊಡ್ಡ ಹೆಸರು ಮಾಡಿದೆ. ಔಡಲದ ಎಣ್ಣೆಗೆ ಗಂಧಕಾಮ್ಲ ಸೇರಿಸಿ ನೀರಿನಲ್ಲಿ ಬೆರೆಯುವ ‘ಟರ್ಕಿ ರೆಡ್ ಎಣ್ಣೆ’ಯನ್ನು ಬಣ್ಣಗಾರರಿಗಾಗಿ ಮಾಡಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದೇ ಎಣ್ಣೆಯನ್ನು ಎಥಿಲೀನ್ ಆಕ್ಸೈಡಿನ ಜೊತೆ ಬೆಸೆದು ಮಾಡಿದ ಎಮಲ್ಸಿಫೈಯರುಗಳು ಇಂದು ಕ್ರೀಮಿನಲ್ಲಿಯೂ ಕೆಲವು ಚುಚ್ಚುಮದ್ದಿನಲ್ಲಿಯೂ ಇವೆ. ಯಾವ ಮಧ್ಯಸ್ಥ ಎಷ್ಟು ನೀರಿನ ಪಕ್ಷ, ಎಷ್ಟು ಎಣ್ಣೆಯ ಪಕ್ಷ ಎಂದು ಅಂಕ ಕೊಡುವ ಪದ್ಧತಿಯನ್ನು ಅಮೆರಿಕದ ವಿಲಿಯಂ ಗ್ರಿಫಿನ್ 1949ರಲ್ಲಿ ಮುಂದಿಟ್ಟರು. ಸೊನ್ನೆಯ ಕಡೆಯವು ಎಣ್ಣೆಯವು, 20ರ ಕಡೆಯವು ನೀರಿನವು. ಜಾಣ ತಯಾರಕರು ಎರಡನ್ನೂ ಹದವಾಗಿ ಬೆರಸುತ್ತಾರೆ. ಜೊತೆಗೆ ಸೀಟೋಸ್ಟಿಯರೈಲ್ ಆಲ್ಕೊಹಾಲ್ ಎಂಬ ಮೇಣದಂಥ ವಸ್ತು ಹಾಕಿ, ಹನಿಗಳು ಅಲುಗಾಡದಂತೆ ಸುತ್ತಲೂ ದಟ್ಟ ಜಾಲ ಕಟ್ಟುತ್ತಾರೆ. ಟ್ಯೂಬಿನ ಮೇಲೆ ‘ಕ್ರೀಮ್ ಬೇಸ್’ ಎಂದು ಎರಡೇ ಪದದಲ್ಲಿ ಮುಗಿಸಿರುವುದರ ಒಳಗೆ ಇಷ್ಟೆಲ್ಲ ಅಡಗಿದೆ.

ಹೀಗಿದ್ದೂ ರಾಜಿ ಶಾಶ್ವತವಲ್ಲ. ಹನಿಗಳು ಮೇಲೆ ತೇಲಿ ಕೆನೆಗಟ್ಟಿದರೆ ಚಿಂತೆಯಿಲ್ಲ, ಕಲಕಿದರೆ ಮತ್ತೆ ಬೆರೆಯುತ್ತವೆ. ಹನಿ ಹನಿ ಕೂಡಿ ಎಣ್ಣೆಯೇ ಬೇರೆಯಾದರೆ ಅದು ಒಡೆದ ಹಾಲು. ಸೆಕೆಯಲ್ಲಿ ಮೇಣದ ಜಾಲ ಸಡಿಲವಾಗುತ್ತದೆ. ಫ್ರೀಜರಿನಲ್ಲಿಟ್ಟರೆ ಮಂಜುಗಡ್ಡೆಯ ಹರಳುಗಳು ಹನಿಯ ಗೋಡೆಯನ್ನು ಚುಚ್ಚುತ್ತವೆ. ಅದಕ್ಕೇ ಹೊಸ ಔಷಧವನ್ನು ಆರು ತಿಂಗಳು 40 ಡಿಗ್ರಿ ಸೆಲ್ಸಿಯಸ್ ಶಾಖ, ಶೇಕಡ 75 ತೇವದಲ್ಲಿಟ್ಟು ಪರೀಕ್ಷಿಸುವ ರೂಢಿಯಿದೆ. ಬಯಲುಸೀಮೆಯ ಏಪ್ರಿಲ್ ತಿಂಗಳಲ್ಲಿ ಮುಚ್ಚಿದ ಕಾರಿನ ಒಳಗೆ, ತಗಡಿನ ಚಾವಣಿಯ ಕೆಳಗಿನ ಗೂಡಿನಲ್ಲಿ ಇದಕ್ಕಿಂತ ಕಠಿಣ ಪರೀಕ್ಷೆ ದಿನವೂ ನಡೆಯುತ್ತದೆ.

ಸೌಂದರ್ಯದ ಕ್ರೀಮು ಒಡೆದರೆ ನಷ್ಟ ಹಣದ್ದು. ಔಷಧದ ಕ್ರೀಮು ಒಡೆದರೆ ಒಂದು ಚಿಟಿಕೆಯಲ್ಲಿ ಮದ್ದೇ ಇರುವುದಿಲ್ಲ, ಮುಂದಿನದರಲ್ಲಿ ಬೇಕಾದದ್ದಕ್ಕಿಂತ ಹೆಚ್ಚು. ಸ್ಟೀರಾಯ್ಡ್ ಇರುವ ಕ್ರೀಮು ಮಗುವಿನ ಎಳೆಯ ಚರ್ಮದ ಮೇಲೆ ಹೀಗೆ ಬಿದ್ದರೆ ಹಾನಿ ಸಣ್ಣದಲ್ಲ. ಎರಡು ಟ್ಯೂಬುಗಳನ್ನು ಅಂಗೈಯಲ್ಲಿ ಕಲಸಿ ಹಚ್ಚುವ ಅಭ್ಯಾಸವೂ ಅಷ್ಟೇ: ಸೆಟ್ರಿಮೈಡ್‌ನಂಥ ಧನ ವಿದ್ಯುದಂಶದ ಕ್ರೀಮನ್ನು ಸೋಪಿನಂಥ ಋಣ ವಿದ್ಯುದಂಶದ ಕ್ರೀಮಿಗೆ ಸೇರಿಸಿದರೆ ಇಬ್ಬರು ಮಧ್ಯಸ್ಥರೂ ಪರಸ್ಪರ ಜೂಟಾಟಕ್ಕೆ ಬಿದ್ದು ರಾಜಿ ಮುರಿಯುತ್ತದೆ. ಟ್ಯೂಬು ಒತ್ತಿದಾಗ ಮೊದಲು ತಿಳಿನೀರೋ ಎಣ್ಣೆಯೋ ಬಂದರೆ ಬೆರಳಿನಿಂದ ಕಲಸಿ ಹಚ್ಚಬಾರದು. ಕಣ್ಣಿಗೆ ಒಂದಾದಂತೆ ಕಂಡರೂ ಔಷಧ ಮೊದಲಿನಂತೆ ಹರಡಿರುವುದಿಲ್ಲ. ಅಂಥ ಟ್ಯೂಬನ್ನು ಕೊಂಡ ಅಂಗಡಿಗೇ ತೋರಿಸಿ ಬದಲಿ ಕೇಳುವುದು ಸರಿ.