ಮಿದುಳು ಜ್ವರದ ವೈರಾಣು ಸೌಮ್ಯವಾಗುವುದೇ?

ಪ್ರಶ್ನೆ: ಸೊಳ್ಳೆಯಿಂದ ಹರಡುವ ವೈರಾಣುಗಳು ಕಾಲಕ್ರಮೇಣ ಸೌಮ್ಯವಾಗುತ್ತವೆಯೇ?

ಉತ್ತರ: ಹಾಗೆಂಬ ನಿಯಮವೇನೂ ಇಲ್ಲ. ಮಂಡ್ಯ ಜಿಲ್ಲೆಯಲ್ಲಿ ದಶಕಗಳಿಂದ ಕಾಣಿಸಿಕೊಂಡಿರುವ ಜಪಾನೀಸ್ ಎನ್‌ಸೆಫಲೈಟಿಸ್, ಅಂದರೆ ಮಿದುಳಿನ ಉರಿಯೂತ ತರುವ ಜ್ವರದ ವೈರಾಣು, ನಾಲೆ ನೀರಿನ ಭತ್ತದ ಗದ್ದೆಗಳಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಗಳ ಮೂಲಕ ಹಂದಿಗಳು ಮತ್ತು ಬೆಳ್ಳಕ್ಕಿಯಂಥ ನೀರುಹಕ್ಕಿಗಳ ನಡುವೆ ಸುತ್ತುತ್ತಿರುತ್ತದೆ. ಮನುಷ್ಯರ ರಕ್ತದಲ್ಲಿ ಅದು ಮತ್ತೊಂದು ಸೊಳ್ಳೆಗೆ ಸೋಂಕು ತಗಲಿಸುವಷ್ಟು ಹೆಚ್ಚುವುದಿಲ್ಲವಾದ್ದರಿಂದ, ಸೋಂಕಿತ ಮಗು ಉಳಿದರೂ ಅಳಿದರೂ ವೈರಾಣುವಿನ ಸಂತತಿಗೆ ಲಾಭನಷ್ಟವಿಲ್ಲ, ಮನುಷ್ಯರ ಮಟ್ಟಿಗೆ ಅದನ್ನು ಮೃದುಗೊಳಿಸುವ ಆಯ್ಕೆಯ ಒತ್ತಡವೂ ಇಲ್ಲ. ಈ ರೋಗದಲ್ಲಿ ನಿಜಕ್ಕೂ ಭಯಪಡಬೇಕಾದದ್ದು ಇದಕ್ಕೇ.

ಚಿಕುನ್‌ಗುನ್ಯಾದ ದಾರಿ ಬೇರೆ. 2005–06ರಲ್ಲಿ ರಿಯೂನಿಯನ್ ದ್ವೀಪದಲ್ಲಿಯೂ 2007ರಲ್ಲಿ ಕೇರಳದಲ್ಲಿಯೂ ಕಂಡ ತಳಿಯಲ್ಲಿ, ಹೊರಕವಚದ ಪ್ರೋಟೀನೊಂದರ 226ನೆಯ ಅಮೈನೋ ಆಮ್ಲ ಬದಲಾಗಿ, ತೋಟಗಳಲ್ಲಿ ಹೇರಳವಾಗಿರುವ ಏಡಿಸ್ ಆಲ್ಬೊಪಿಕ್ಟಸ್ ಸೊಳ್ಳೆಗೆ ವೈರಾಣು ಹೆಚ್ಚು ಸುಲಭವಾಗಿ ಒಗ್ಗಿತು. ಅಲ್ಲಿ ಗೆದ್ದದ್ದು ಹರಡುವ ಶಕ್ತಿ.

ಮಿದುಳು ಜ್ವರದ ವೈರಾಣು ಸೌಮ್ಯವಾದದ್ದು ಪ್ರಯೋಗಾಲಯದಲ್ಲಿ: ಹ್ಯಾಮ್‌ಸ್ಟರ್ ಎಂಬ ದಂಶಕದ ಮೂತ್ರಪಿಂಡದ ಜೀವಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿದಾಗ ನರಕೋಶಗಳನ್ನು ಘಾಸಿಗೊಳಿಸುವ ಗುಣ ಕಳೆದುಕೊಂಡ ಎಸ್‌ಎ 14-14-2 ತಳಿಯನ್ನು 2006ರಿಂದ ಭಾರತದ ಪೀಡಿತ ಜಿಲ್ಲೆಗಳ ಮಕ್ಕಳಿಗೆ ಲಸಿಕೆಯಾಗಿ ಕೊಡಲಾಗುತ್ತಿದೆ.