ಹೆದ್ದಾರಿ ಮತ್ತು ಸೇತುವೆಗಳ ಸ್ಥಳಪರೀಕ್ಷೆ: ಕೊಪ್ಪಳ ಸೀಮೆಯ ನಿದರ್ಶನಗಳು

ಹೆದ್ದಾರಿಯ ಅಥವಾ ಸೇತುವೆಯ ನಕ್ಷೆಯನ್ನು ಸಿದ್ಧಪಡಿಸುವ ಮೊದಲು ನೆಲದ ಸ್ವಭಾವವನ್ನು ಅರಿಯತಕ್ಕದ್ದು. ಮೋಜಣಿಯು ನೆಲದ ಏರಿಳಿತಗಳನ್ನು ತಿಳಿಸುತ್ತದೆ. ನೆಲದೊಳಗೆ ಏನಿದೆ, ನೀರು ತಾಗಿದಾಗ ಅದು ಹೇಗೆ ವರ್ತಿಸುತ್ತದೆ ಎಂಬುದು ಸ್ಥಳಪರೀಕ್ಷೆಯಿಂದಲೇ ತಿಳಿಯಬೇಕು. ಕೊಪ್ಪಳ ಜಿಲ್ಲೆಯಲ್ಲಿ ಇದರ ಅಗತ್ಯವು ಸ್ಪಷ್ಟವಾಗಿ ಕಾಣುತ್ತದೆ. ದಕ್ಷಿಣದ ಅಂಚಿನಲ್ಲಿ ತುಂಗಭದ್ರೆ. ಗಂಗಾವತಿ, ಆನೆಗೊಂದಿಗಳ ಸುತ್ತ ಗ್ರಾನೈಟ್ ಬಂಡೆಗಳ ಗುಡ್ಡಗಳು. ಕುಷ್ಟಗಿ, ಯಲಬುರ್ಗಾಗಳ ಕಡೆ ಕೆಂಪು ಮಸಾರಿ ಮತ್ತು ಕಪ್ಪು ಎರೆ.

ಮೊದಲು ರಸ್ತೆಯ ವಿಚಾರ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಇದನ್ನು ಅಳೆಯುವ ಒಂದು ಸರಳ ಕ್ರಮವುಂಟು. ಜರಡಿ ಹಿಡಿದ ಒಣಮಣ್ಣನ್ನು 10 ಗ್ರಾಮಿನಂತೆ ಎರಡು ಗಾಜಿನ ನಳಿಗೆಗಳಲ್ಲಿ ಹಾಕಿ, ಒಂದಕ್ಕೆ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ ತುಂಬಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬದು. ಎರಡು ಗಾತ್ರಗಳ ವ್ಯತ್ಯಾಸವೇ ಉಬ್ಬಿನ ಅಳತೆ. ಭಾರ ತಾಳುವ ಶಕ್ತಿಯನ್ನು ಕಾಣಲು ಮಣ್ಣನ್ನು 4 ದಿನ ನೀರಿನಲ್ಲಿ ನೆನೆಸಿ ಪರೀಕ್ಷಿಸುವುದು ರೂಢಿ. ಬೇಸಗೆಯಲ್ಲಿ ಕಲ್ಲಿನಂತಿರುವ ಎರೆಯು ಆಗ ತನ್ನ ನಿಜಸ್ವರೂಪವನ್ನು ತೋರುತ್ತದೆ. ಫಲಿತಾಂಶವನ್ನು ನೋಡಿ ಸುಣ್ಣ ಬೆರೆಸಬೇಕೆ, ಉಬ್ಬದ ಮಣ್ಣಿನ ಪದರವನ್ನು ಹಾಸಬೇಕೆ ಎಂಬುದನ್ನು ನಿರ್ಣಯಿಸಬಹುದು.

ಸೇತುವೆಯ ಸ್ಥಳದಲ್ಲಿ ಮೋಸ ಬೇರೆ ಬಗೆಯದು. ಗ್ರಾನೈಟ್ ಸೀಮೆಯಲ್ಲಿ ಕೊರೆಯುವ ಯಂತ್ರಕ್ಕೆ ಕಲ್ಲು ತಗುಲಿದೊಡನೆ ತಳಬಂಡೆ ಸಿಕ್ಕಿತೆಂದು ನಂಬಲಾಗದು. ಅದು ಶಿಥಿಲಗೊಂಡ ಮಣ್ಣಿನ ನಡುವೆ ಹುದುಗಿದ ಬಿಡಿ ಗುಂಡಾಗಿರಬಹುದು. ಆದುದರಿಂದ ಪ್ರತಿಯೊಂದು ಕಂಬದ ಸ್ಥಳದಲ್ಲಿಯೂ ಕೊರೆದು, ಗಟ್ಟಿ ಶಿಲೆಯೊಳಗೆ ಕೆಲವು ಮೀಟರುಗಳಷ್ಟು ಇಳಿದು, ಹೊರತೆಗೆದ ಶಿಲಾಖಂಡಗಳನ್ನು ಪರಿಶೀಲಿಸಬೇಕು.

ನೆರೆಯ ಲೆಕ್ಕವೂ ಇಷ್ಟೇ ಮುಖ್ಯವಾದುದು. ಮೇಲ್ಗಡೆ ಅಣೆಕಟ್ಟು ಇದೆಯೆಂದು ನಿಶ್ಚಿಂತರಾಗುವಂತಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಣಿ ಕಡಿದು ಗೇಟು ಕೊಚ್ಚಿಹೋಯಿತು. ಇತರ ಗೇಟುಗಳನ್ನೂ ತೆರೆದು ನೀರನ್ನು ನದಿಗೆ ಬಿಡಬೇಕಾಯಿತು. ಹಳ್ಳಿಯ ಹಿರಿಯರು ತೋರಿಸುವ ಹಳೆಯ ನೆರೆಯ ಗುರುತುಗಳನ್ನೂ ಮೋಜಣಿದಾರನು ಮಟ್ಟ ಹಿಡಿದು ದಾಖಲಿಸಬೇಕು.

ಸ್ಥಳವೆಂದರೆ ಕಲ್ಲು, ಮಣ್ಣು, ನೀರುಗಳಷ್ಟೇ ಅಲ್ಲ. ಆನೆಗೊಂದಿ ಮತ್ತು ಹಂಪೆಯ ತಳವಾರಘಟ್ಟಗಳ ನಡುವೆ ಕಟ್ಟುತ್ತಿದ್ದ ಸೇತುವೆಯು, 1999ರಲ್ಲಿ ಹಂಪೆಯು ಅಪಾಯದಲ್ಲಿರುವ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಲು ಒಂದು ಕಾರಣವಾಯಿತು. 2006ರಲ್ಲಿ ಹಂಪೆಯು ಆ ಪಟ್ಟಿಯಿಂದ ಹೊರಬಂದಿತು. ಸೇತುವೆಯಾದರೋ ಪೂರ್ಣಗೊಳ್ಳುವ ಮೊದಲೇ 2009ರ ಜನವರಿಯಲ್ಲಿ ಕುಸಿದು, ದುಡಿಯುತ್ತಿದ್ದ ಕಾರ್ಮಿಕರು ಅಸುನೀಗಿದರು. ಆ ಕುಸಿತದ ಕಾರಣವು ಬೇರೆಯೇ ವಿಚಾರ. ಆದರೆ ಸ್ಮಾರಕಗಳ ನಡುವೆ ಹೊಸ ಸೇತುವೆ ಸಲ್ಲುವುದೇ ಎಂಬ ಪ್ರಶ್ನೆಯು ಕಂಬಗಳು ಏಳುವ ಮೊದಲೇ, ಸ್ಥಳವನ್ನು ಆರಿಸುವ ಹಂತದಲ್ಲಿಯೇ ಇತ್ಯರ್ಥವಾಗತಕ್ಕದ್ದು. ಕಾಗದದ ಮೇಲೆ ಸ್ಥಳವನ್ನು ಬದಲಿಸುವುದು ಸುಲಭ. ನದಿಯ ನಡುವೆ ಕಂಬ ನಿಂತ ಮೇಲೆ ಅದು ದುಸ್ಸಾಧ್ಯ.